ಕಯಾಕ್‌ನಲ್ಲಿ ಮುಂದಕ್ಕೆ ಹುಟ್ಟು ಹಾಕುವ ಸರಿಯಾದ ಕ್ರಮ ಯಾವುದು? ಹನ್ನೆರಡು ಕಿಲೋಮೀಟರಿಗೇ ತೋಳು ಸೋತುಹೋಗುತ್ತಿದೆ

ಸೀತಾತೀರ

ಎಲ್ಲರಿಗೂ ನಮಸ್ಕಾರ. ನಾನು ಸಾಲಿಗ್ರಾಮದ ಆಸುಪಾಸಿನವನು. ಎರಡು ವರ್ಷಗಳಿಂದ ಸೀತಾನದಿಯ ಹಿನ್ನೀರಿನಲ್ಲಿ ಬಿಡುವಾದಾಗಲೆಲ್ಲ ಕಯಾಕ್ ನಡೆಸುತ್ತಿದ್ದೇನೆ. ಯಾರ ಬಳಿಯೂ ಕ್ರಮವಾಗಿ ಕಲಿತವನಲ್ಲ. ಮೊದಲ ದಿನ ದೋಣಿ ಬಾಡಿಗೆಗೆ ಕೊಟ್ಟವರು ಲೈಫ್ ಜಾಕೆಟ್ ಕಟ್ಟಿ, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಕೈಗಿತ್ತು, “ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ” ಎಂದಷ್ಟೇ ಹೇಳಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅದೇ ನನ್ನ ವಿದ್ಯೆ.

ನಮ್ಮ ನೆರೆಮನೆಯವರು ನಿವೃತ್ತರು, ಅರವತ್ತೆರಡು ವರ್ಷದವರು. ಅವರು ಹಳೆಯ ಕಯಾಕ್ ಎರಡನ್ನು ಕೊಂಡಿದ್ದಾರೆ; ಎರಡೂ ಹದಿನಾಲ್ಕು ಅಡಿಯವು, ಪ್ಲಾಸ್ಟಿಕ್‌ನವು, ಒಳಗೆ ಕಾಲು ಚಾಚಿ ಕೂರುವಂಥವು. ಹುಟ್ಟುಗಳೂ ಒಂದೇ ಅಳತೆಯವು. ಕಳೆದ ಭಾನುವಾರ ಇಬ್ಬರೂ ಕೋಡಿ ಬೆಂಗ್ರೆಯ ದಿಕ್ಕಿಗೆ ಹೋಗಿ ಬಂದೆವು. ಒಟ್ಟು ಹನ್ನೆರಡು ಕಿಲೋಮೀಟರ್ ಆಗಿರಬಹುದು. ನನಗಾಗಿ ಅವರು ನಾಲ್ಕು ಸಲ ದೋಣಿ ನಿಲ್ಲಿಸಿ ಕಾಯಬೇಕಾಯಿತು. ನನಗೆ ಮೂವತ್ನಾಲ್ಕು ವರ್ಷ, ಮೈಯಲ್ಲಿ ಕಸುವಿದೆ. ಆದರೂ ದಡ ಸೇರುವಾಗ ಮುಂಗೈ ಕಲ್ಲಿನಂತಾಗಿ, ಬಲ ಭುಜ ಎತ್ತಲಾಗದಷ್ಟು ನೋಯುತ್ತಿತ್ತು. ಏಕೆ ಹೀಗೆಂದು ಕೇಳಿದರೆ, “ಕೈಯಿಂದ ಎಳೆಯಬೇಡ” ಎಂದರು. ಕೈಯಿಂದಲ್ಲದೆ ಮತ್ತೆ ಯಾವುದರಿಂದ ಎಳೆಯುವುದು ಎಂಬುದನ್ನು ಬಿಡಿಸಿ ಹೇಳಲು ಅವರಿಂದ ಆಗಲಿಲ್ಲ.

ನಾನು ಗಮನಿಸಿದ ಸಂಗತಿಗಳು ಇವು. ಪ್ರತಿ ಸಲ ಹುಟ್ಟು ಹಾಕಿದಾಗಲೂ ದೋಣಿಯ ಮೂತಿ ಒಂದು ಗೇಣಿನಷ್ಟು ಆಚೀಚೆ ಹೊರಳುತ್ತದೆ. ಅಲಗು ನೀರಿಗೆ ಬಿದ್ದಾಗ ‘ಗುಳುಕ್’ ಎಂದು ಸದ್ದಾಗುತ್ತದೆ. ಅವರ ದೋಣಿಯಲ್ಲಿ ಆ ಸದ್ದಿಲ್ಲ. ಹೆಚ್ಚು ದೂರ ಎಳೆದಷ್ಟೂ ಹೆಚ್ಚು ವೇಗ ಸಿಗುತ್ತದೆಂದು ತಿಳಿದು ನಾನು ಅಲಗನ್ನು ಬೆನ್ನಿನ ಹಿಂದಿನವರೆಗೂ ಎಳೆಯುತ್ತೇನೆ. ತಪ್ಪು ಎಲ್ಲಿದೆ, ದಯವಿಟ್ಟು ತಿಳಿಸಿ.

ಹಿನ್ನೀರುಹಕ್ಕಿ

ನಿಮ್ಮ ಕೊನೆಯ ಪ್ಯಾರಾದಲ್ಲೇ ಮೂರು ತಪ್ಪುಗಳು ಸಿಕ್ಕವು. ನಾನು ಹೊನ್ನಾವರದ ಕಡೆ ಶರಾವತಿಯಲ್ಲಿ ಎಂಟು ವರ್ಷಗಳಿಂದ ಹುಟ್ಟು ಹಾಕುತ್ತಿರುವವಳು. ಮೊದಲ ಮೂರು ವರ್ಷ ನೀವು ಮಾಡುತ್ತಿರುವುದನ್ನೇ ಮಾಡಿದ್ದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಮನಸ್ಸಿನಲ್ಲಿರುವ ಚಿತ್ರವನ್ನು ಬದಲಿಸಿಕೊಳ್ಳಿ. ನೀವು ನೀರನ್ನು ಹಿಂದಕ್ಕೆ ಎಳೆಯುತ್ತಿಲ್ಲ. ಅಲಗನ್ನು ನೀರಿನಲ್ಲಿ ಒಂದು ಕಡೆ ನೆಟ್ಟು, ಕುಳಿತಿರುವ ದೋಣಿಯನ್ನು ಅಲ್ಲಿಗೆ ತಂದುಕೊಳ್ಳುತ್ತಿದ್ದೀರಿ. ಗದ್ದೆಯ ಕೆಸರಿನಲ್ಲಿ ಊರಿದ ಗೂಟವನ್ನು ಹಿಡಿದು ಮೈಯನ್ನು ಮುಂದಕ್ಕೆ ಸೆಳೆದುಕೊಂಡರೆ ಹೇಗೋ ಹಾಗೆ. ಈ ಒಂದು ಭಾವನೆ ಮೈಗೆ ಹತ್ತಿತೆಂದರೆ ಉಳಿದದ್ದು ತಾನಾಗಿ ಸರಿಹೋಗುತ್ತಾ ಬರುತ್ತದೆ.

ಹುಟ್ಟಿನ ಕೆಲಸವನ್ನು ನಾನು ನೆಡುವುದು, ಸೆಳೆಯುವುದು, ಕೀಳುವುದು ಎಂದು ಹೇಳಿಕೊಳ್ಳುತ್ತೇನೆ. ಇವುಗಳಲ್ಲಿ ನೆಡುವುದೇ ಎಲ್ಲಕ್ಕಿಂತ ಮುಖ್ಯವಾದದ್ದು. ಬಲಗಡೆ ನೆಡುವಾಗ ಬಲ ಭುಜ ಮುಂದಕ್ಕೆ ಬರುವಂತೆ ಇಡೀ ಮುಂಡವನ್ನು ತಿರುಗಿಸಿ, ಅಲಗನ್ನು ನಿಮ್ಮ ಪಾದದ ನೇರಕ್ಕೆ, ದೋಣಿಯ ಮೈಗೆ ಹತ್ತಿರವಾಗಿ, ಅಗೆ ನೆಡುವಂತೆ ಸದ್ದಿಲ್ಲದೆ ಇಳಿಸಿ. ಅಲಗು ಪೂರ್ತಿಯಾಗಿ ಮುಳುಗುವವರೆಗೂ ಬಲ ಹಾಕಕೂಡದು. ನಿಮಗೆ ಕೇಳುವ ‘ಗುಳುಕ್’ ಸದ್ದು ಬರುವುದು ಅರ್ಧ ಮುಳುಗಿದ ಅಲಗನ್ನು ಎಳೆದಾಗ ಅದರ ಹಿಂದೆ ಗಾಳಿ ಸೇರಿಕೊಳ್ಳುವುದರಿಂದ. ಗಾಳಿ ಸೇರಿದ ಅಲಗಿಗೆ ಹಿಡಿತವಿರುವುದಿಲ್ಲ, ಅದು ಜಾರುತ್ತದೆ.

ಆಮೇಲಿನದು ಸೆಳೆತ. ಮುಂದಕ್ಕೆ ತಿರುಗಿದ ಮುಂಡವನ್ನು ಈಗ ಹಿಂದಕ್ಕೆ ಬಿಚ್ಚಬೇಕು. ಬಲಗಡೆಯ ಸೆಳೆತಕ್ಕೆ ಬಲಗಾಲಿನಿಂದ ಪಾದದ ಆನಿಕೆಯನ್ನು ಒತ್ತಬೇಕು. ಆಗ ಬಲ ಸೊಂಟ ಹಿಂದಕ್ಕೆ ಸರಿಯುತ್ತದೆ, ಅದರೊಂದಿಗೆ ಭುಜ, ಭುಜದೊಂದಿಗೆ ಕೈ. ಕೈ ಹೆಚ್ಚುಕಡಿಮೆ ನೇರವಾಗಿಯೇ ಇರಲಿ. ಹಳೆಯ ಮನೆಗಳಲ್ಲಿ ಹಗ್ಗ ಸುತ್ತಿದ ಕಡೆಗೋಲಿನಿಂದ ಮಜ್ಜಿಗೆ ಕಡೆಯುತ್ತಿದ್ದುದನ್ನು ನೋಡಿದ್ದೀರಲ್ಲ? ನಿಮ್ಮ ಬೆನ್ನುಮೂಳೆಯೇ ಆ ಕಡೆಗೋಲು, ತೋಳುಗಳು ಬರಿಯ ಹಗ್ಗ. ತಿರುಗುವುದು ಕೋಲಿನ ಕೆಲಸ, ಬಿಗಿಯಾಗಿದ್ದು ಆ ತಿರುಗನ್ನು ದಾಟಿಸುವುದು ಹಗ್ಗದ ಕೆಲಸ. ನಿಮ್ಮ ನೆರೆಮನೆಯವರು ‘ಕೈಯಿಂದ ಎಳೆಯಬೇಡ’ ಎಂದದ್ದು ಇದನ್ನೇ.

ಕೊನೆಯದು ಕೀಳುವುದು. ಕೈ ಸೊಂಟದ ನೇರಕ್ಕೆ ಬರುತ್ತಿದ್ದಂತೆಯೇ ಅಲಗನ್ನು ಬದಿಗೆ ಕಿತ್ತುಬಿಡಿ. ಅಲ್ಲಿಂದ ಹಿಂದೆ ಎಳೆದರೆ ಅಲಗು ವಾಲಿಕೊಂಡು ನೀರನ್ನು ಮೇಲಕ್ಕೆತ್ತುತ್ತದೆ, ಬಾವಿಯಿಂದ ಕೊಡಪಾನ ಸೇದಿದಂತೆ. ನೀರನ್ನು ಎತ್ತಿದಷ್ಟೂ ದೋಣಿಯ ಹಿಂತುದಿ ಕೆಳಗೆ ಜಗ್ಗುತ್ತದೆ, ಮೂತಿ ಪಕ್ಕಕ್ಕೆ ಹೊರಳುತ್ತದೆ. ನೀವು ವೇಗವೆಂದು ಭಾವಿಸಿ ವ್ಯಯಿಸುತ್ತಿರುವ ಆ ಕೊನೆಯ ಒಂದೂವರೆ ಅಡಿ ನಿಮ್ಮನ್ನು ತಡೆಯುತ್ತಿದೆ.

ಗಣೇಶಗುಡಿ

ಹಿನ್ನೀರುಹಕ್ಕಿ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಇನ್ನೊಂದು ಸೇರಿಸುತ್ತೇನೆ: ಬೆನ್ನೊರಗಿಗೆ ಒರಗಬೇಡಿ. ಒರಗಿ ಕುಳಿತವನ ಮುಂಡ ತಿರುಗುವುದೇ ಇಲ್ಲ.

ಭೌತಶಾಸ್ತ್ರ ಮೇಷ್ಟ್ರು

ಒಂದು ಆಕ್ಷೇಪಣೆ. “ನೀವು ನೀರನ್ನು ಹಿಂದಕ್ಕೆ ಎಳೆಯುತ್ತಿಲ್ಲ” ಎಂಬ ಮಾತು ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ನ್ಯೂಟನ್‌ನ ಮೂರನೆಯ ನಿಯಮದ ಪ್ರಕಾರ ನೀರಿಗೆ ಹಿಮ್ಮುಖವಾದ ಸಂವೇಗವನ್ನು ಕೊಡದೆ ದೋಣಿಗೆ ಮುಮ್ಮುಖವಾದ ಸಂವೇಗ ಬರಲು ಸಾಧ್ಯವಿಲ್ಲ. ಕೆಸರಿನ ಗೂಟಕ್ಕೆ ಭೂಮಿಯ ಆಸರೆಯಿದೆ, ನೀರಿನಲ್ಲಿರುವ ಅಲಗಿಗೆ ಅಂಥ ಆಸರೆಯಿಲ್ಲ. ಅಲಗು ಸ್ವಲ್ಪವಾದರೂ ಜಾರಲೇಬೇಕು. ಹೊಸಬರಿಗೆ ತಪ್ಪು ಭೌತಶಾಸ್ತ್ರ ಹೇಳಿಕೊಡಬಾರದೆಂಬ ಕಳಕಳಿಯಿಂದ ಬರೆಯುತ್ತಿದ್ದೇನೆ.

ಹಿನ್ನೀರುಹಕ್ಕಿ

ಸರ್, ಅಲಗು ಜಾರುತ್ತದೆ ಎಂಬುದನ್ನು ಒಪ್ಪಿದೆ. ಆದರೆ ನಾನು ಹೇಳಿದ್ದು ಮೈ ಹೇಗೆ ಭಾವಿಸಬೇಕು ಎಂಬುದನ್ನು. ‘ನೀರನ್ನು ತಳ್ಳು’ ಎಂದು ಹೇಳಿಸಿಕೊಂಡವರು ಅಲಗನ್ನು ನೆಡುವ ಮೊದಲೇ ಬಡಿಯುತ್ತಾರೆ. ‘ನೆಟ್ಟು ಅಲ್ಲಿಗೆ ಹೋಗು’ ಎಂದು ಹೇಳಿಸಿಕೊಂಡವರು ಕಾಯುತ್ತಾರೆ. ನಾನೇ ಎರಡನ್ನೂ ಹೇಳಿ ನೋಡಿದ್ದೇನೆ.

ಭೌತಶಾಸ್ತ್ರ ಮೇಷ್ಟ್ರು

ಕಲಿಸುವ ಮಾತಾಗಿ ಒಪ್ಪುತ್ತೇನೆ. ಹಾಗಾದರೆ ಆ ಭಾವನೆ ಏಕೆ ಫಲ ಕೊಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಲೆಕ್ಕ ನಿಮ್ಮ ಪರವಾಗಿಯೇ ಇದೆ.

ಸಂವೇಗವೆಂದರೆ ದ್ರವ್ಯರಾಶಿ ಗುಣಿಸು ವೇಗ. ಚಲನಶಕ್ತಿಯೆಂದರೆ ದ್ರವ್ಯರಾಶಿ ಗುಣಿಸು ವೇಗದ ವರ್ಗ, ಅದರ ಅರ್ಧ. ಸ್ವಲ್ಪ ನೀರನ್ನು ಜೋರಾಗಿ ಹಿಂದಕ್ಕೆ ಎಸೆದರೂ, ಅದರ ಎರಡರಷ್ಟು ನೀರನ್ನು ಅರ್ಧ ವೇಗದಲ್ಲಿ ಸರಿಸಿದರೂ ದೋಣಿಗೆ ಸಿಗುವ ನೂಕು ಒಂದೇ. ಆದರೆ ಎರಡನೆಯದರಲ್ಲಿ ನೀರಿಗೆ ಹೋಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿಯಾಗಿ ಮುಳುಗಿ, ಗಾಳಿ ಸೇರಿಸಿಕೊಳ್ಳದೆ, ನಿಧಾನವಾಗಿ ಜಾರುವ ಅಲಗು ಹೆಚ್ಚು ನೀರನ್ನು ಹಿಡಿಯುತ್ತದೆ. ಅರ್ಧ ಮುಳುಗಿದ ಅಲಗು ಸ್ವಲ್ಪ ನೀರನ್ನು ಚಿಮ್ಮಿಸುತ್ತದೆ. ಹುಟ್ಟು ಎತ್ತಿದ ಜಾಗದಲ್ಲಿ ನೊರೆ ಹೆಚ್ಚಿದ್ದರೆ, ಆ ನೊರೆಯೆಲ್ಲ ನಿಮ್ಮ ಬೆಳಗಿನ ತಿಂಡಿಯ ಶಕ್ತಿ ಎಂದು ತಿಳಿಯಿರಿ.

ಇನ್ನೊಂದು ಲೆಕ್ಕವೂ ಇದೆ. ನೀರಿನ ತಡೆ ಸುಮಾರಾಗಿ ವೇಗದ ವರ್ಗದಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ಆದ್ದರಿಂದ ಒಮ್ಮೆ ಜೋರಾಗಿ ಎಳೆದು, ದೋಣಿ ನಿಧಾನವಾಗಲು ಬಿಟ್ಟು, ಮತ್ತೆ ಜೋರಾಗಿ ಎಳೆಯುವವನು ಒಂದೇ ಸಮನಾದ ವೇಗದಲ್ಲಿ ಹೋಗುವವನಿಗಿಂತ ಹೆಚ್ಚು ದಣಿಯುತ್ತಾನೆ, ಇಬ್ಬರೂ ಅದೇ ಹೊತ್ತಿಗೆ ದಡ ಸೇರಿದರೂ ಸಹ. ಅರವತ್ತೆರಡರ ಹಿರಿಯರು ಮುಂದೆ ಹೋದದ್ದರ ಗುಟ್ಟು ಇದರಲ್ಲಿಯೂ ಇರಬಹುದು.

ಭಾನುವಾರದ ಬೆಂಗಳೂರಿಗ

ಹಾಗಿದ್ದರೆ ದೊಡ್ಡ ಅಲಗಿನ ಹುಟ್ಟು ಕೊಂಡರೆ ಆಯಿತಲ್ಲವೇ? ಹೆಚ್ಚು ನೀರು ಹಿಡಿಯುತ್ತದೆ, ಕಡಿಮೆ ಜಾರುತ್ತದೆ.

ಕೀಲುಚಿಕಿತ್ಸಕಿ

ದಯವಿಟ್ಟು ಹಾಗೆ ಮಾಡಬೇಡಿ. ನಾನು ಫಿಜಿಯೋಥೆರಪಿಸ್ಟ್, ಕಯಾಕ್ ಕೂಡ ನಡೆಸುತ್ತೇನೆ. ಸಾಮಾನ್ಯ ಪ್ರವಾಸಕ್ಕೆ ಬಳಸುವ ಹುಟ್ಟಿನ ಅಲಗು ಸುಮಾರು 600ರಿಂದ 700 ಚದರ ಸೆಂಟಿಮೀಟರ್ ಇರುತ್ತದೆ. ಅದಕ್ಕಿಂತ ದೊಡ್ಡದಾದರೆ ಪ್ರತಿ ಸೆಳೆತದಲ್ಲೂ ಭುಜದ ಮೇಲೆ ಬೀಳುವ ಹೊರೆ ಏರುತ್ತದೆ. ಒಂದು ತಾಸಿನಲ್ಲಿ ಎರಡು ಮೂರು ಸಾವಿರ ಬಾರಿ ಹುಟ್ಟು ಹಾಕುತ್ತೀರಿ ಎಂಬುದನ್ನು ನೆನಪಿಡಿ. ಸೈಕಲ್ಲಿನಲ್ಲಿ ಏರನ್ನು ಹಗುರ ಗೇರಿನಲ್ಲಿ ಹತ್ತುವುದು ಮಂಡಿಗೆ ಹೇಗೆ ಒಳ್ಳೆಯದೋ, ಚಿಕ್ಕ ಅಲಗಿನಿಂದ ಸ್ವಲ್ಪ ಬೇಗ ಬೇಗ ಹುಟ್ಟು ಹಾಕುವುದು ಭುಜಕ್ಕೆ ಹಾಗೆ ಒಳ್ಳೆಯದು.

ಸೀತಾತೀರ ಅವರೇ, ನಿಮ್ಮ ನೋವಿನ ಬಗ್ಗೆ ಎರಡು ಮಾತು. ಮುಂಗೈ ಕಲ್ಲಾಗುವುದು ಹುಟ್ಟನ್ನು ಬಿಗಿಯಾಗಿ ಹಿಡಿಯುವುದರಿಂದ. ಮೇಲಿರುವ ಕೈ ಹಿಡಿಯಲೇಬೇಕಾಗಿಲ್ಲ. ಬೆರಳುಗಳನ್ನು ಸಡಿಲಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಯಲ್ಲಿ ದಂಡ ಆನಿಕೊಂಡಿದ್ದರೆ ಸಾಕು. ಕೆಳಗಿನ ಕೈ ಕೊಕ್ಕೆಯಂತೆ ತಗುಲಿಕೊಂಡಿರಲಿ. ಮಣಿಕಟ್ಟು ಬಾಗಬಾರದು. ಇನ್ನು ಬಲ ಭುಜದ ನೋವು: ಮೇಲಿನ ಕೈ ತಲೆಗಿಂತ ಎತ್ತರಕ್ಕೆ ಹೋಗುತ್ತಿದೆಯೇ ನೋಡಿಕೊಳ್ಳಿ. ಅದು ಕಣ್ಣಿನ ಮಟ್ಟವನ್ನು ದಾಟದಿದ್ದರೆ ಒಳ್ಳೆಯದು. ಮೊಣಕೈ ಎತ್ತಿ ತಲೆಯ ಮೇಲಿಂದ ತಳ್ಳುವ ಅಭ್ಯಾಸವಾದರೆ ಭುಜದ ಕೀಲಿನ ಸ್ನಾಯುರಜ್ಜು ಮೂಳೆಗಳ ನಡುವೆ ಸಿಕ್ಕಿ ಉಜ್ಜುತ್ತದೆ. ನೋವು ಎರಡು ವಾರ ಕಳೆದರೂ ಹೋಗದಿದ್ದರೆ, ಬೆರಳು ಜೋಮು ಹಿಡಿದರೆ, ವೈದ್ಯರಿಗೆ ತೋರಿಸಿ.

ಎರಡು ಕೈಗಳ ನಡುವಿನ ಅಂತರವನ್ನೂ ನೋಡಿಕೊಳ್ಳಿ. ಹುಟ್ಟನ್ನು ತಲೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡಾಗ ಮೊಣಕೈಗಳು ತೊಂಬತ್ತು ಡಿಗ್ರಿಗೆ ಹತ್ತಿರವಾಗಿರಬೇಕು.

ಗಣೇಶಗುಡಿ

ಮೇಲಿನ ಕೈ ವಿಷಯದಲ್ಲಿ ನನ್ನದೊಂದು ತಕರಾರಿದೆ. ಮೇಲಿನ ಕೈ ತಳ್ಳದಿದ್ದರೆ ಅರ್ಧ ಬಲ ಹೋದಂತೆ ಎಂದು ನನಗೆ ಕಲಿಸಿದವರು ಹೇಳಿದ್ದರು. ಕಾಳಿಯ ರಭಸದ ನೀರಿನಲ್ಲಿ ನಾನು ತಳ್ಳುತ್ತೇನೆ, ತಳ್ಳದೆ ಆಗುವುದೂ ಇಲ್ಲ. ಒಂದು ಸುಳಿಯಿಂದ ಹೊರಬೀಳಲು ಮೂರೇ ಸೆಳೆತಗಳ ಅವಕಾಶವಿದ್ದಾಗ ಬೆರಳು ಸಡಿಲಿಸುವ ಮಾತೆಲ್ಲಿ?

ಸ್ಟಾಕ್‌ಹೋಮ್ ಕನ್ನಡತಿ

ಮೂರು ಸೆಳೆತಕ್ಕೆ ತಳ್ಳುವುದು ಬೇರೆ, ಮೂರು ಸಾವಿರ ಸೆಳೆತಕ್ಕೆ ತಳ್ಳುವುದು ಬೇರೆ. ನಾನು ಇಲ್ಲಿ ಮೇಲಾರೆನ್ ಸರೋವರದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಅಭ್ಯಾಸ ಮಾಡುತ್ತೇನೆ. ನಮ್ಮ ತರಬೇತುದಾರರು ಹೇಳುವುದು ಇಷ್ಟು: ಮೇಲಿನ ಕೈ ಮುಂಡದೊಂದಿಗೆ ಮುಂದಕ್ಕೆ ಸಾಗಬೇಕು, ಆದರೆ ಮೊಣಕೈ ಮಡಚಿ ಚಾಚಿ ಗುದ್ದಬಾರದು. ದೂರದಿಂದ ನೋಡಿದವರಿಗೆ ಅದು ತಳ್ಳಿದಂತೆಯೇ ಕಾಣುತ್ತದೆ. ಒಳಗೆ ಕೆಲಸ ಮಾಡುತ್ತಿರುವುದು ಹೊಟ್ಟೆ, ಬೆನ್ನು ಮತ್ತು ತೊಡೆ.

ನ್ಯೂಜಿಲೆಂಡ್‌ನ ಲೀಸಾ ಕ್ಯಾರಿಂಗ್ಟನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು. ಅವರ ಸ್ಪರ್ಧೆಯ ದೃಶ್ಯಗಳನ್ನು ನಿಧಾನಗತಿಯಲ್ಲಿ ನೋಡಿ. ಕೈಗಳನ್ನು ನೋಡಬೇಡಿ, ಮಂಡಿಗಳು ಒಂದಾದ ಮೇಲೊಂದರಂತೆ ಏರಿಳಿಯುವುದನ್ನು ನೋಡಿ, ಎದೆ ಎಡಕ್ಕೂ ಬಲಕ್ಕೂ ತಿರುಗುವುದನ್ನು ನೋಡಿ. ತಲೆ ಮಾತ್ರ ಅಲ್ಲಾಡುವುದಿಲ್ಲ.

ಹಿನ್ನೀರುಹಕ್ಕಿ ಅವರು ಅಲಗನ್ನು ದೋಣಿಗೆ ಹತ್ತಿರವಾಗಿ ನೆಡಬೇಕೆಂದು ಹೇಳಿದ್ದು ಸರಿ. ಆದರೆ ಅದನ್ನು ಉದ್ದಕ್ಕೂ ದೋಣಿಯ ಮೈಗೆ ಅಂಟಿಸಿಕೊಂಡು ತರಲು ಹೋಗಬಾರದು. ಮುಂಡ ಬಿಚ್ಚಿಕೊಂಡಂತೆ ಅಲಗು ತಾನಾಗಿ ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಅದನ್ನು ಬಲವಂತವಾಗಿ ಒಳಕ್ಕೆ ಹಿಡಿದಿಟ್ಟರೆ ಮೊಣಕೈ ಮಡಚಲೇಬೇಕಾಗುತ್ತದೆ, ಮೊಣಕೈ ಮಡಚಿದರೆ ಮತ್ತೆ ಕೈಯ ಕೆಲಸವೇ ಆಯಿತು. 1980ರ ದಶಕದಲ್ಲಿ ಇಲ್ಲಿ ಸ್ವೀಡನ್‌ನಲ್ಲಿಯೇ ರೂಪುಗೊಂಡ ವಿಂಗ್ ಹುಟ್ಟಿನ ತತ್ತ್ವವೂ ಇದೇ. ಅದರ ಅಲಗಿನ ಅಡ್ಡಕೊಯ್ತ ವಿಮಾನದ ರೆಕ್ಕೆಯಂತಿದೆ. ಹೊರಕ್ಕೆ ಓರೆಯಾಗಿ ಸರಿದಾಗ ಅದರಲ್ಲಿ ಎತ್ತುಬಲ ಹುಟ್ಟಿ ಹಿಡಿತ ಹೆಚ್ಚುತ್ತದೆ. ಇಂದು ವೇಗದ ಸ್ಪರ್ಧೆಗಳಲ್ಲಿ ಎಲ್ಲರೂ ಬಳಸುವುದು ಅದನ್ನೇ.

ಹಿನ್ನೀರುಹಕ್ಕಿ

ತಿದ್ದುಪಡಿಗೆ ಧನ್ಯವಾದ, ಅಕ್ಕ. ‘ಹತ್ತಿರ ನೆಟ್ಟು, ಹೊರಕ್ಕೆ ಸರಿಯಲು ಬಿಡಿ’ ಎಂದು ಬರೆಯಬೇಕಿತ್ತು.

ಭಾನುವಾರದ ಬೆಂಗಳೂರಿಗ

ಕಾಲಿನಿಂದ ಒತ್ತಬೇಕು ಎಂದು ಎಲ್ಲರೂ ಹೇಳುತ್ತಿದ್ದೀರಿ. ಬಾಡಿಗೆಗೆ ಸಿಗುವ, ಮೇಲೆ ಕೂರುವ ಅಗಲ ಕಯಾಕ್‌ಗಳಲ್ಲಿ ಕಾಲಿಗೆ ಆನಿಕೆಯೇ ಇರುವುದಿಲ್ಲ. ನಮ್ಮಂಥವರು ಏನು ಮಾಡಬೇಕು?

ಅಳಿವೆಬಾಗಿಲು

ಅವುಗಳಲ್ಲೂ ಹಿಮ್ಮಡಿ ಇಡಲು ಅಚ್ಚಿನಲ್ಲೇ ಮಾಡಿದ ಮೆಟ್ಟಿಲುಗಳಿರುತ್ತವೆ. ಮಂಡಿ ಸ್ವಲ್ಪ ಮಡಚಿರುವಂತೆ ನಿಮ್ಮ ಉದ್ದಕ್ಕೆ ತಕ್ಕ ಮೆಟ್ಟಿಲನ್ನು ಆರಿಸಿಕೊಳ್ಳಿ. ಹೆಚ್ಚಿನವರು ಕಾಲನ್ನು ಪೂರ್ತಿಯಾಗಿ ಚಾಚಿ, ಕುರ್ಚಿಯ ಮೇಲೆ ಕುಳಿತಂತೆ ಹಿಂದಕ್ಕೆ ಒರಗುತ್ತಾರೆ. ಅಲ್ಲಿಗೆ ಒತ್ತಡ ಹಾಕುವ ದಾರಿ ಮುಚ್ಚಿತು.

ಆದರೆ ಕಾಲಿಲ್ಲದೆ ಸೆಳೆತವೇ ಇಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ದೇಶದ ಪ್ರಾಚಿ ಯಾದವ್ ಟೋಕಿಯೋ ಪ್ಯಾರಾಲಿಂಪಿಕ್ಸ್‌ಗೆ ಆಯ್ಕೆಯಾದ ಭಾರತದ ಮೊದಲ ಪ್ಯಾರಾ ಕನೂ ಕ್ರೀಡಾಪಟು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕೆಎಲ್2 ವರ್ಗದ ಕಯಾಕ್‌ನಲ್ಲಿ ಚಿನ್ನ ಗೆದ್ದರು. ಅದು ಮುಂಡ ಮತ್ತು ಕಾಲುಗಳ ಚಲನೆ ಸೀಮಿತವಾಗಿರುವವರ ವರ್ಗ. ಭೋಪಾಲದ ಕೆರೆಯಲ್ಲಿ ಅಭ್ಯಾಸ ಮಾಡಿದವರು. ತಮ್ಮ ಮೈಯಲ್ಲಿ ಏನು ತಿರುಗುತ್ತದೆಯೋ ಅದನ್ನೆಲ್ಲ ಅವರು ಹುಟ್ಟಿಗೆ ಕೊಡುತ್ತಾರೆ. ಎರಡು ಕಾಲೂ ಗಟ್ಟಿಯಿರುವ ನಾವು ಅವುಗಳನ್ನು ಸುಮ್ಮನೆ ಚಾಚಿಟ್ಟುಕೊಂಡು ಕೂರುತ್ತೇವೆ, ಅದು ನನಗೆ ಬೇಸರದ ಸಂಗತಿ.

ಹರಿಗೋಲು

ನಾನು ಕಯಾಕ್‌ನವನಲ್ಲ, ಆನೆಗೊಂದಿಯ ಕಡೆಯವನು. ತುಂಗಭದ್ರೆಯಲ್ಲಿ ಹರಿಗೋಲು ನೋಡುತ್ತಾ ಬೆಳೆದವನು. ಮೂತಿ ಹೊರಳುವ ವಿಷಯ ಓದಿದಾಗ ಒಂದು ಮಾತು ಹೊಳೆಯಿತು. ಹರಿಗೋಲು ದುಂಡಗಿರುವುದರಿಂದ ಅದಕ್ಕೆ ಮೂತಿಯೂ ಇಲ್ಲ, ಹಿಂತುದಿಯೂ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದಿರೋ, ಅದು ಗರಗರನೆ ತಿರುಗುತ್ತದೆ. ಅದಕ್ಕಾಗಿ ನಮ್ಮ ಅಂಬಿಗರು ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತು, ಹೋಗಬೇಕಾದ ದಿಕ್ಕಿಗೆ ಹುಟ್ಟನ್ನು ಚಾಚಿ, ನೀರಿನಲ್ಲಿ ನೆಟ್ಟಗೆ ಇಳಿಸಿ, ಮುಂದಿನಿಂದ ತಮ್ಮ ಕಡೆಗೆ ಸೆಳೆಯುತ್ತಾರೆ. ಒಂದು ಸಲ ಸ್ವಲ್ಪ ಎಡಕ್ಕೆ, ಒಂದು ಸಲ ಸ್ವಲ್ಪ ಬಲಕ್ಕೆ. ಹುಟ್ಟು ಅಂಚಿಗೆ ಬಂದು ತಾಗುವ ಮೊದಲೇ ಕಿತ್ತುಬಿಡುತ್ತಾರೆ. ಬಲವೆಲ್ಲ ಮುಂದುಗಡೆಯೇ ಮುಗಿಯುತ್ತದೆ. ನೀವೆಲ್ಲ ಹೇಳುತ್ತಿರುವ ‘ಮುಂದೆ ನೆಡು, ಬೇಗ ಕೀಳು’ ಎಂಬುದು ಇದೇ ಅಲ್ಲವೇ?

ಭೌತಶಾಸ್ತ್ರ ಮೇಷ್ಟ್ರು

ಅದೇ. ಬಲದ ರೇಖೆ ದೋಣಿಯ ನಡುಗೆರೆಯಿಂದ ಎಷ್ಟು ದೂರವಿದೆಯೋ ಅಷ್ಟು ತಿರುಚುಬಲ. ಹರಿಗೋಲಿನವರು ಆ ದೂರವನ್ನು ಸೊನ್ನೆಗೆ ತಂದುಕೊಂಡಿದ್ದಾರೆ. ಕಯಾಕ್‌ನಲ್ಲಿ ಸೊನ್ನೆ ಸಾಧ್ಯವಿಲ್ಲ, ಆದರೆ ದಂಡವನ್ನು ನೆಟ್ಟಗೆ ನಿಲ್ಲಿಸಿದಷ್ಟೂ ಅಲಗು ನಡುಗೆರೆಗೆ ಹತ್ತಿರವಾಗುತ್ತದೆ.

ಅಳಿವೆಬಾಗಿಲು

ಇಲ್ಲಿ ನಾನು ಸ್ವಲ್ಪ ಭಿನ್ನವಾಗಿ ಹೇಳಬೇಕು. ದಂಡ ನೆಟ್ಟಗಿರಬೇಕೆಂಬುದನ್ನು ಎಲ್ಲರಿಗೂ ನಿಯಮವಾಗಿ ಹೇಳಬೇಡಿ. ದಿನವಿಡೀ ಹೋಗುವವರು ದಂಡವನ್ನು ಓರೆಯಾಗಿ, ಮೇಲಿನ ಕೈ ಎದೆಯ ಮಟ್ಟದಲ್ಲಿ ಇರುವಂತೆ ಹಿಡಿದು, 220ರಿಂದ 230 ಸೆಂಟಿಮೀಟರ್ ಉದ್ದದ ಹುಟ್ಟಿನಿಂದ ಸಲೀಸಾಗಿ ಹೋಗುತ್ತಾರೆ. ವೇಗ ಸ್ವಲ್ಪ ಕಡಿಮೆಯಾದರೂ ಭುಜಕ್ಕೆ ಹಿತ, ಎದುರುಗಾಳಿಯಲ್ಲಿ ಮೇಲಿನ ಅಲಗು ಗಾಳಿಗೆ ಕಡಿಮೆ ಸಿಗುತ್ತದೆ. ಗ್ರೀನ್‌ಲ್ಯಾಂಡ್‌ನ ಇನ್ಯೂಟ್ ಜನರ ಮರದ ಹುಟ್ಟುಗಳ ಅಲಗು ಕೈಯಗಲವಷ್ಟೇ ಇರುತ್ತದೆ. ಅದನ್ನು ತಗ್ಗಿನಲ್ಲಿಯೇ ಹಿಡಿದು, ಅಲಗಿನ ಮೇಲಂಚನ್ನು ತುಸು ಮುಂದಕ್ಕೆ ವಾಲಿಸಿ ಹಾಕುತ್ತಾರೆ. ಕಡಲಿನಲ್ಲಿ ಬೇಟೆಯಾಡಿ ಬದುಕಿದ ಜನ ರೂಢಿಸಿಕೊಂಡ ಕ್ರಮವನ್ನು ತಪ್ಪೆನ್ನಲು ನಾವು ಯಾರು? ನೆಟ್ಟಗಿರಲಿ, ಓರೆಯಿರಲಿ, ಮುಂಡ ತಿರುಗಬೇಕು, ಸೊಂಟದ ಬಳಿ ಕೀಳಬೇಕು. ಆ ಎರಡು ಬದಲಾಗುವುದಿಲ್ಲ.

ಒಂಟಿಹುಟ್ಟು

ಕನೂ ನಡೆಸುವವರ ಕಡೆಯಿಂದಲೂ ಒಂದು ಮಾತು ಇರಲಿ. ಒಂದೇ ಅಲಗಿನ ಹುಟ್ಟನ್ನು ಒಂದೇ ಬದಿಗೆ ಹಾಕುವ ನಮಗೆ ಮೂತಿ ಹೊರಳುವುದು ಪ್ರತಿ ಸೆಳೆತದ ಸಮಸ್ಯೆ. ಹಿಂದೆ ಕುಳಿತವನು ಸೆಳೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖವಾಗಿ ತಿರುಗಿಸಿ, ಅಲಗಿನಿಂದ ನೀರನ್ನು ತುಸು ಹೊರಕ್ಕೆ ಒತ್ತುತ್ತಾನೆ. ಅಲಗಿನ ದಾರಿ ಇಂಗ್ಲಿಷಿನ ಜೆ ಅಕ್ಷರದಂತಾಗುವುದರಿಂದ ಅದಕ್ಕೆ ಜೆ ಸ್ಟ್ರೋಕ್ ಎಂದು ಹೆಸರು. ದೂರದ ಸ್ಪರ್ಧೆಗಳಲ್ಲಿ ಕೆಲವರು ಇದನ್ನು ಬಿಟ್ಟು, ಆರೆಂಟು ಸೆಳೆತಕ್ಕೊಮ್ಮೆ ಬದಿ ಬದಲಿಸುತ್ತಾರೆ. ಅವರ ಹುಟ್ಟಿನ ದಂಡ ಅಲಗಿನ ಬುಡದಲ್ಲಿ ಹನ್ನೆರಡು ಡಿಗ್ರಿಯಷ್ಟು ಬಾಗಿರುತ್ತದೆ. ಸೆಳೆತದ ಕೊನೆಯಲ್ಲಿಯೂ ಅಲಗು ನೆಟ್ಟಗೇ ಇದ್ದು ನೀರನ್ನು ಎತ್ತದಿರಲಿ ಎಂಬುದೇ ಆ ಬಾಗಿನ ಉದ್ದೇಶ. ಅಮೆರಿಕದ ಮಿನ್ನೆಸೋಟದ ಜೀನ್ ಜೆನ್ಸನ್ 1970ರ ದಶಕದಲ್ಲಿ ಅದನ್ನು ಬಳಕೆಗೆ ತಂದರು.

ಹಾಂಗ್‌ಝೌನ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಮ್ ಜೋಡಿ 1000 ಮೀಟರ್ ಕನೂ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ನಾನು ಆ ದೃಶ್ಯವನ್ನು ಹತ್ತಾರು ಸಲ ನೋಡಿದೆ. ಒಂದು ಮಂಡಿಯೂರಿ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಹಾಕುವಾಗ ಇಬ್ಬರ ಅಲಗೂ ಒಂದೇ ಕ್ಷಣದಲ್ಲಿ ನೀರಿಗಿಳಿಯುತ್ತದೆ. ಸೊಂಟದ ಬಳಿ ಬರುವಷ್ಟರಲ್ಲಿ ಎರಡೂ ಹೊರಗೆ. ಹಿಂದಕ್ಕೆ ಎಳೆಯುವ ಲೋಭ ಒಂದು ಸೆಳೆತದಲ್ಲಿಯೂ ಇಲ್ಲ.

ಸೀತಾತೀರ

ಇಷ್ಟು ಜನ ಇಷ್ಟು ವಿವರವಾಗಿ ಬರೆದದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದರೆ ಒಂದೂ ಆಗುವುದಿಲ್ಲ ಎಂಬ ಭಯವಿದೆ. ಮೊದಲು ಯಾವುದನ್ನು ಹಿಡಿಯಲಿ?

ಸ್ಟಾಕ್‌ಹೋಮ್ ಕನ್ನಡತಿ

ಕೀಳುವುದನ್ನು ಹಿಡಿಯಿರಿ. ಬೇಗ ಕೀಳಲು ಕಲಿತರೆ ಮುಂದೆ ನೆಡಲು ಸಮಯ ತಾನಾಗಿ ಸಿಗುತ್ತದೆ. ದೋಣಿಯ ಅಂಚಿನ ಮೇಲೆ ಪಾದದ ನೇರಕ್ಕೊಂದು, ಸೊಂಟದಿಂದ ಒಂದು ಗೇಣು ಮುಂದಕ್ಕೊಂದು ಬಣ್ಣದ ಟೇಪು ಅಂಟಿಸಿ. ಮೊದಲ ಟೇಪಿನಲ್ಲಿ ನೆಡುವುದು, ಎರಡನೆಯದರಲ್ಲಿ ಕೀಳಲು ಆರಂಭಿಸುವುದು. ಸೊಂಟದ ನೇರಕ್ಕೇ ಅಂಟಿಸಿದರೆ ಕಿತ್ತು ಮುಗಿಸುವಷ್ಟರಲ್ಲಿ ಅಲಗು ಹಿಂದೆ ಹೋಗಿರುತ್ತದೆ.

ಹಿನ್ನೀರುಹಕ್ಕಿ

ನಾನು ಒಪ್ಪುವುದಿಲ್ಲ. ಮುಂಡ ತಿರುಗಿಸುವುದನ್ನು ಮೊದಲು ಕಲಿಯಬೇಕು. ಹತ್ತು ನಿಮಿಷ ಎರಡೂ ಮೊಣಕೈಗಳನ್ನು ಪೂರ್ತಿ ನೇರವಾಗಿಟ್ಟುಕೊಂಡು ಹುಟ್ಟು ಹಾಕಿ. ಕೈ ಮಡಚದಿದ್ದಾಗ ದೋಣಿಯನ್ನು ನಡೆಸಲು ಮೈ ತಿರುಗಿಸುವುದೊಂದೇ ದಾರಿಯಾಗಿ ಉಳಿಯುತ್ತದೆ. ಆಗ ಮೈ ಕಲಿಯುತ್ತದೆ. ಆಮೇಲೆ ಮೊಣಕೈಯನ್ನು ತುಸು ಸಡಿಲಿಸಿ, ಲೈಫ್ ಜಾಕೆಟ್‌ನ ಜಿಪ್ಪು ಪ್ರತಿ ಸಲವೂ ದಂಡದ ನಡುಭಾಗಕ್ಕೆ ಎದುರಾಗಿಯೇ ಇದೆಯೇ ನೋಡಿಕೊಳ್ಳಿ. ದಂಡ ಹೋಗಿ ಜಿಪ್ಪು ಹಿಂದೆ ಉಳಿದರೆ ಕೈ ಒಂಟಿಯಾಗಿ ದುಡಿಯುತ್ತಿದೆ ಎಂದರ್ಥ.

ಗಣೇಶಗುಡಿ

ಎರಡನ್ನೂ ಮಾಡಲಿ ಬಿಡಿ. ಹೋಗುವಾಗ ಒಂದು, ಬರುವಾಗ ಒಂದು.

ಸೀತಾತೀರ

ಮೂರು ವಾರಗಳಾದವು, ವರದಿ ಒಪ್ಪಿಸುತ್ತಿದ್ದೇನೆ. ಹೋಗುವಾಗ ಹಿನ್ನೀರುಹಕ್ಕಿ ಅವರ ಅಭ್ಯಾಸ, ಬರುವಾಗ ಸ್ಟಾಕ್‌ಹೋಮ್ ಅಕ್ಕನವರ ಟೇಪು. ಮೊದಲ ವಾರ ಪಕ್ಕೆಲುಬಿನ ಕೆಳಗೆ, ಹಿಂದೆಂದೂ ನೋಯದ ಜಾಗದಲ್ಲಿ ನೋವು ಬಂತು. ಆ ಸ್ನಾಯುಗಳು ಇದುವರೆಗೆ ಕೆಲಸವನ್ನೇ ಮಾಡಿರಲಿಲ್ಲ ಎಂದು ಅರ್ಥವಾಯಿತು. ಮುಂಗೈ ಕಲ್ಲಾಗುವುದು ನಿಂತಿದೆ. ಭುಜದ ನೋವು ಮುಕ್ಕಾಲು ಪಾಲು ಇಳಿದಿದೆ. ನಮ್ಮ ಕಡವಿನಿಂದ ಆಚೆಯ ತೆಂಗಿನ ತೋಟದ ಮೂಲೆಯವರೆಗೆ ಮೊದಲು 410 ಸೆಳೆತಗಳಾಗುತ್ತಿದ್ದವು, ನಿನ್ನೆ ಎಣಿಸಿದಾಗ 336 ಆದವು. ‘ಗುಳುಕ್’ ಸದ್ದು ಬಲಗಡೆ ಪೂರ್ತಿ ಹೋಗಿದೆ. ಎಡಗಡೆ ಮಾತ್ರ ನಾಲ್ಕರಲ್ಲಿ ಒಂದು ಸಲ ಇನ್ನೂ ಕೇಳುತ್ತದೆ.

ಅಳಿವೆಬಾಗಿಲು

ಬಹಳ ಸಂತೋಷ. ಆದರೆ ನಿಮ್ಮ ಎಣಿಕೆಯನ್ನು ಒಮ್ಮೆ ಪರೀಕ್ಷಿಸಬೇಕು. ನಿಮ್ಮ ಹಿನ್ನೀರಿಗೆ ಭರತ ಇಳಿತಗಳು ತಟ್ಟುತ್ತವೆ. ಮೊದಲ ಎಣಿಕೆ ಭರತದ ಎದುರು, ಎರಡನೆಯದು ಇಳಿತದೊಂದಿಗೆ ಆಗಿದ್ದರೆ ವ್ಯತ್ಯಾಸದ ದೊಡ್ಡ ಪಾಲು ನೀರಿನದೇ. ಹೋಗುವಾಗಲೂ ಬರುವಾಗಲೂ ಎಣಿಸಿ ಸರಾಸರಿ ತೆಗೆಯಿರಿ, ಇಲ್ಲವೇ ನೀರು ನಿಂತ ಹೊತ್ತಿನಲ್ಲಿ ಎಣಿಸಿ.

ಸೀತಾತೀರ

ನೀವು ಹೇಳಿದ್ದು ನಿಜ. ಇಂದು ಬೆಳಿಗ್ಗೆ ನೀರು ನಿಂತಿದ್ದಾಗ ಎಣಿಸಿದೆ: ಹೋಗುವಾಗ 361, ಬರುವಾಗ 358. ನಿನ್ನೆಯ ಲೆಕ್ಕದಲ್ಲಿ ಇಳಿತದ ಪಾಲಿತ್ತು. ಹಳೆಯ 410 ಯಾವ ಹೊತ್ತಿನದೆಂದು ನೆನಪಿಲ್ಲ, ಆದ್ದರಿಂದ ಇನ್ನು ಮುಂದೆ 360ನ್ನೇ ಆರಂಭವೆಂದು ಇಟ್ಟುಕೊಳ್ಳುತ್ತೇನೆ.

ಹಿನ್ನೀರುಹಕ್ಕಿ

ಎಡಗಡೆಯ ಸದ್ದಿನ ವಿಷಯ. ದೋಣಿಯೊಳಗಿನ ಪಾದದ ಆನಿಕೆಗಳು ಎರಡೂ ಒಂದೇ ಗುಳಿಯಲ್ಲಿ ಕೂತಿವೆಯೇ, ಕೈಹಾಕಿ ಎಣಿಸಿ ನೋಡಿ. ಹಳೆಯ ದೋಣಿಗಳಲ್ಲಿ ಒಂದು ಹಿಂದೆ ಒಂದು ಮುಂದೆ ಇರುವುದುಂಟು. ಆನಿಕೆ ದೂರವಿರುವ ಬದಿಯಲ್ಲಿ ಕಾಲು ಒತ್ತಲಾಗದೆ, ಅಲಗು ಮುಳುಗುವ ಮೊದಲೇ ಕೈ ಎಳೆಯಲು ತೊಡಗುತ್ತದೆ.

ಸೀತಾತೀರ

ಈಗಷ್ಟೇ ಅಂಗಳಕ್ಕೆ ಹೋಗಿ ಟಾರ್ಚು ಹಾಕಿ ನೋಡಿ ಬಂದೆ. ಬಲಗಡೆಯದು ನಾಲ್ಕನೆಯ ಗುಳಿಯಲ್ಲಿದೆ, ಎಡಗಡೆಯದು ಐದರಲ್ಲಿ. ಹಳಿಯಲ್ಲಿ ಮರಳು ಸೇರಿ ಬಿಗಿದುಕೊಂಡಿದ್ದರಿಂದ ಕೈಯಿಂದ ಜಾರಿಸಲು ಆಗುತ್ತಿಲ್ಲ. ಬೆಳಿಗ್ಗೆ ಸಿಹಿನೀರಿನಲ್ಲಿ ತೊಳೆದು ಸರಿಪಡಿಸಿ, ಭಾನುವಾರ ಎಡಗಡೆಯನ್ನು ಕೇಳಿ ನೋಡಿ ತಿಳಿಸುತ್ತೇನೆ.